ತರಗತಿಯ ಶಿಸ್ತು ಮತ್ತು ಹೊಸ ಉಪಾಧ್ಯಾಯರು

ಶ್ರೀಮಠದ ಆಶ್ರಯದಲ್ಲಿ ನಡೆಯುತ್ತಿರುವ ನಮ್ಮ ಪ್ರೌಢಶಾಲೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ವಾಡಿಕೆಯಂತೆ ವಚನ ಸಾಹಿತ್ಯವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ನಾಲ್ಕು ಮಾತು ಬರೆಯುವುದೆಂದು ನಾನು ಎಣಿಸಿದ್ದೆ. ಆದರೆ ಜೂನ್ ತಿಂಗಳಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ವಿಷಯವನ್ನೇ ಬದಲಿಸಿತು. ಹೊಸದಾಗಿ ನೇಮಕಗೊಂಡ ತರುಣ ಉಪಾಧ್ಯಾಯರೊಬ್ಬರು ಎಂಟನೆಯ ತರಗತಿಯಿಂದ ಹೊರಬಂದು, ಕೈಗೆ ಮೆತ್ತಿದ್ದ ಸೀಮೆಸುಣ್ಣವನ್ನೂ ಒರಸಿಕೊಳ್ಳದೆ ಅಧ್ಯಾಪಕರ ಕೊಠಡಿಯಲ್ಲಿ ಕುಳಿತು, "ಪಂಡಿತರೆ, ಪಾಠವೇನೋ ನನಗೆ ಬರುತ್ತದೆ. ಈ ಅರವತ್ತು ಹುಡುಗರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಮಾತ್ರ ಬರುವುದಿಲ್ಲ. ಅದನ್ನು ಯಾವ ಪುಸ್ತಕದಲ್ಲಿ ಓದಲಿ?" ಎಂದು ಕೇಳಿದರು. ನಾನು ಆಗ ಕೊಟ್ಟ ಉತ್ತರ ಚಿಕ್ಕದು. ಅವರಿಗೆ ತೃಪ್ತಿಯನ್ನು ಕೊಡಲಿಲ್ಲ, ನನಗೂ ಕೊಡಲಿಲ್ಲ. ಈ ಲೇಖನವು ಆ ಉತ್ತರದ ವಿಸ್ತರಣವೆಂದು ತಿಳಿಯಬೇಕು.

ಇದು ಉಪಾಧ್ಯಾಯರ ಮನೆಯ ಒಳಮಾತು, ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಇದರಿಂದ ಆಗಬೇಕಾದುದೇನು ಎಂಬ ಶಂಕೆ ಬರಬಹುದು. ದಾನಿಗಳು ಕಲ್ಲು, ಮರ, ಸಿಮೆಂಟುಗಳನ್ನು ಒದಗಿಸಿ ಕಟ್ಟಡವನ್ನು ಎತ್ತಿಸಿದ್ದಾರೆ. ಆ ಕಟ್ಟಡ ಸಾರ್ಥಕವಾಗುವುದು ಅದರೊಳಗಿನ ಒಂದೊಂದು ನಲವತ್ತು ನಿಮಿಷದ ಅವಧಿಯಲ್ಲಿ. ಆ ನಲವತ್ತು ನಿಮಿಷ ಗದ್ದಲದಲ್ಲಿ ಕಳೆದರೂ ವ್ಯರ್ಥ. ಭಯದ ಮೌನದಲ್ಲಿ ಕಳೆದರೂ ವ್ಯರ್ಥ. ಆದ್ದರಿಂದ ಈ ವಿಚಾರದಲ್ಲಿ ಎಲ್ಲರಿಗೂ ಪಾಲುಂಟು.

ಎರಡು ಶಬ್ದಗಳ ವಿಚಾರ

ವೃತ್ತಿಯಿಂದ ಪಂಡಿತನಾದವನು ಶಬ್ದದಿಂದಲೇ ಆರಂಭಿಸುವುದನ್ನು ಓದುಗರು ಮನ್ನಿಸಬೇಕು. ಶಾಲೆಯಲ್ಲಿ ನಾವು ದಿನವೂ ಬಳಸುವ ಎರಡು ಶಬ್ದಗಳೆಂದರೆ ಶಿಕ್ಷೆ ಮತ್ತು ಶಿಸ್ತು. ಕಿವಿಗೆ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕೇಳಿದರೂ ಇವುಗಳ ಮೂಲ ಬೇರೆ ಬೇರೆ.

'ಶಿಕ್ಷೆ' ಸಂಸ್ಕೃತದ ಶಬ್ದ. 'ಶಿಕ್ಷ್' ಎಂಬ ಧಾತುವಿಗೆ ವಿದ್ಯೆಯನ್ನು ಪಡೆಯುವುದು, ಕಲಿಯುವುದು ಎಂದು ಅರ್ಥ. ಆರು ವೇದಾಂಗಗಳಲ್ಲಿ ಒಂದಾದ ಶಿಕ್ಷಾಶಾಸ್ತ್ರವು ವರ್ಣಗಳ ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರ. ಶಿಕ್ಷಣ, ಶಿಕ್ಷಕ ಎಂಬ ಮಾತುಗಳಲ್ಲಿ ಆ ಮೂಲಾರ್ಥ ಇಂದಿಗೂ ಉಳಿದಿದೆ. ಆದರೆ ಕನ್ನಡದಲ್ಲಿ 'ಶಿಕ್ಷೆ' ಎಂಬ ರೂಪವೊಂದು ಮಾತ್ರ ದಂಡನೆಯ ಕಡೆಗೆ ಜಾರಿತು. ಕಲಿಸುವುದಕ್ಕೆಂದು ಹುಟ್ಟಿದ ಶಬ್ದವು ನೋಯಿಸುವುದಕ್ಕೆ ಹೆಸರಾದದ್ದು ಭಾಷೆಯ ತಪ್ಪಲ್ಲ. ಬಹುಕಾಲ ಕಲಿಸುವ ಜಾಗದಲ್ಲಿಯೇ ನೋಯಿಸುವುದೂ ನಡೆದುದರ ಗುರುತು ಅದು.

'ಶಿಸ್ತು' ಅನ್ಯದೇಶ್ಯ ಶಬ್ದ. ಇಂದು ಅದಕ್ಕೆ ಅಚ್ಚುಕಟ್ಟು, ಕಟ್ಟುಪಾಡು ಎಂಬ ಅರ್ಥವಿದೆ. ಆದರೆ ಕನ್ನಡನಾಡಿನ ಇತಿಹಾಸವನ್ನು ಓದಿದವರಿಗೆ ಅದರ ಇನ್ನೊಂದು ಅರ್ಥ ಕೂಡಲೆ ನೆನಪಾಗುತ್ತದೆ. 1645ರಿಂದ 1660ರವರೆಗೆ ಕೆಳದಿಯ ರಾಜ್ಯವನ್ನು ಬಿದನೂರಿನಿಂದ ಆಳಿದ ಶಿವಪ್ಪನಾಯಕನು ಜಾರಿಗೆ ತಂದ ಭೂಕಂದಾಯದ ವ್ಯವಸ್ಥೆಗೆ 'ಶಿವಪ್ಪನಾಯಕನ ಶಿಸ್ತು' ಎಂದೇ ಹೆಸರು. ಕಂದಾಯವನ್ನು ಗೊತ್ತುಪಡಿಸುವ ಮೊದಲು ಅವನು ಮಾಡಿದ ಕೆಲಸವನ್ನು ಇತಿಹಾಸಕಾರರು ಹೀಗೆ ವಿವರಿಸಿದ್ದಾರೆ. ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ನೆಲದ ಒಂದೊಂದು ತುಂಡನ್ನು ಆರಿಸಿ, ಅದನ್ನು ಸರಕಾರದ ವತಿಯಿಂದಲೇ ವರ್ಷಾನುಗಟ್ಟಲೆ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ತಗುಲಿದ ಖರ್ಚೆಷ್ಟು, ಬಂದ ಬೆಳೆ ಎಷ್ಟು, ಅದರ ಬೆಲೆ ಎಷ್ಟು ಎಂಬುದಕ್ಕೆ ಲೆಕ್ಕವಿಡಿಸಿದನು. ಸರಾಸರಿ ತೆಗೆದು, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ನಿಗದಿ ಮಾಡಿದನು. ಎಂದರೆ, ನೆಲವನ್ನು ಅರಿತ ಮೇಲೆ ಮಾತ್ರ ನೆಲದಿಂದ ಏನನ್ನು ಕೇಳಬಹುದೆಂದು ನಿಶ್ಚಯಿಸಿದನು. ಅದಕ್ಕೆ ಶಿಸ್ತೆಂದು ಹೆಸರು.

ನಮ್ಮ ತರುಣ ಮಿತ್ರರಿಗೆ ನಾನು ಹೇಳಬೇಕಾದುದೆಲ್ಲ ಈ ಒಂದು ಶಬ್ದದಲ್ಲಿ ಅಡಗಿದೆ. ತರಗತಿಯ ಶಿಸ್ತು ಶಿವಪ್ಪನಾಯಕನ ಶಿಸ್ತಿನಂತಿರಬೇಕು. ಮೊದಲು ಹೊಲವನ್ನು ನೋಡಬೇಕು. ಆಮೇಲೆ ಕಂದಾಯ ಕೇಳಬೇಕು. ಹೊಲವನ್ನು ನೋಡದೆ ವಿಧಿಸಿದ ಕಂದಾಯಕ್ಕೆ ರೈತನು ಕೊಡುತ್ತಿದ್ದ ಉತ್ತರ ಪ್ರಸಿದ್ಧವೇ ಆಗಿದೆ: ಅವನು ಊರು ಬಿಟ್ಟು ಹೋಗುತ್ತಿದ್ದನು. ಶಾಲೆಯಲ್ಲಿಯೂ ಹಾಗೆಯೇ ನಡೆಯುತ್ತದೆ. ಅದನ್ನು ನಾನು ಹೇಗೆ ಕಲಿತೆನೆಂಬುದನ್ನು ಮುಂದೆ ನಿವೇದಿಸುವೆನು.

ಎಂಟನೆಯ ತರಗತಿಯೆಂಬ ಹೊಲ

ನಮ್ಮ ನಾಡಿನ ಪ್ರೌಢಶಾಲೆ ಎಂಟನೆಯ ತರಗತಿಯಿಂದ ಆರಂಭವಾಗುತ್ತದೆ. ಏಳನೆಯ ತರಗತಿಯನ್ನು ತಮ್ಮ ತಮ್ಮ ಊರುಗಳಲ್ಲಿ ಮುಗಿಸಿದ ಮಕ್ಕಳು ಹತ್ತಾರು ಹಳ್ಳಿಗಳಿಂದ ಬಂದು ಒಂದೇ ಕೊಠಡಿಯಲ್ಲಿ ಸೇರುತ್ತಾರೆ. ಹಿಂದಿನ ಶಾಲೆಯಲ್ಲಿ ಒಬ್ಬಿಬ್ಬರು ಉಪಾಧ್ಯಾಯರೇ ದಿನವೆಲ್ಲ ಅವರೊಡನೆ ಇರುತ್ತಿದ್ದರು; ಆ ಗುರುಗಳಿಗೆ ಮಗುವಿನ ಮನೆಯೂ ಗೊತ್ತು, ಮನೆಯ ಹಸುವಿನ ಬಣ್ಣವೂ ಗೊತ್ತು. ಇಲ್ಲಿ ಗಂಟೆ ಹೊಡೆದಂತೆಲ್ಲ ಮುಖ ಬದಲಾಗುತ್ತದೆ. ಒಬ್ಬರು ಎದ್ದುನಿಂತು ಉತ್ತರಿಸಬೇಕೆನ್ನುತ್ತಾರೆ, ಇನ್ನೊಬ್ಬರು ಕುಳಿತೇ ಹೇಳೆನ್ನುತ್ತಾರೆ. ಒಬ್ಬರಿಗೆ ಎರಡು ಗೆರೆಯ ಪುಸ್ತಕ ಬೇಕು, ಇನ್ನೊಬ್ಬರಿಗೆ ಒಂದು ಗೆರೆಯದು. ಹೊಸ ಉಪಾಧ್ಯಾಯರು 'ಗದ್ದಲ' ಎಂದು ಕರೆಯುವುದರಲ್ಲಿ ಅರ್ಧ ಪಾಲು ಈ ಗೊಂದಲವೇ ಆಗಿರುತ್ತದೆ. ಮಗು ಪಕ್ಕದವನನ್ನು ಕೇಳುತ್ತಿರುವುದು 'ಸರ್ ಏನು ಹೇಳಿದರು?' ಎಂಬುದನ್ನು.

ಈ ಹೊಲದಲ್ಲಿ ಒಂದೇ ಬಗೆಯ ಮಣ್ಣಿಲ್ಲ. ಶ್ರೀಮಠದ ಪ್ರಸಾದ ನಿಲಯದಲ್ಲಿರುವ ಹುಡುಗರು ಬೆಳಗಿನ ಜಾವದಲ್ಲಿಯೇ ಎದ್ದು, ಸ್ನಾನ, ಪ್ರಾರ್ಥನೆ, ಓದು ಮುಗಿಸಿ ಬಂದಿರುತ್ತಾರೆ. ಮಧ್ಯಾಹ್ನದ ಪ್ರಸಾದವಾದ ಮೇಲಿನ ಅವಧಿಯಲ್ಲಿ ಅವರ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಳ್ಳಿಯಿಂದ ಬರುವ ಮಕ್ಕಳು ಬಸ್ಸಿನ ದಯೆಯಲ್ಲಿರುತ್ತಾರೆ. ಮನೆಯಲ್ಲಿ ಹಾಲು ಕರೆದು ಡೈರಿಗೆ ಹಾಕಿ ಬರುವ ಮಗು ಉಂಟು. ತಮ್ಮತಂಗಿಯರಿಗೆ ಊಟ ಬಡಿಸಿ ಬರುವ ಹುಡುಗಿ ಉಂಟು. ಹಿಂದಿನ ಬೆಂಚಿನಲ್ಲಿ ಕುಳಿತು ಸದಾ ಪಕ್ಕದವನ ಪುಸ್ತಕಕ್ಕೆ ಬಗ್ಗುವ ಹುಡುಗನನ್ನು ತುಂಟನೆಂದು ನಾವು ಗದರಿಸುತ್ತೇವೆ. ವಿಚಾರಿಸಿದರೆ ಕೆಲವೊಮ್ಮೆ ಅವನಿಗೆ ಕರಿಹಲಗೆಯ ಅಕ್ಷರವೇ ಕಾಣುತ್ತಿರುವುದಿಲ್ಲ. ಇವನ್ನೆಲ್ಲ ಅರಿಯದೆ 'ಎಲ್ಲರೂ ಸುಮ್ಮನೆ ಕುಳಿತುಕೊಳ್ಳಿ' ಎಂದು ಕೂಗುವುದು ಗದ್ದೆಗೂ ಬೆದ್ದಲಿಗೂ ಒಂದೇ ಕಂದಾಯ ವಿಧಿಸಿದಂತೆ.

ಆದ್ದರಿಂದ ಹೊಸ ಉಪಾಧ್ಯಾಯರು ಒಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಮಗುವಿಗೆ ಒಂದು ಪುಟದ ಕಾಲು ಭಾಗ ಸಾಕು. ಯಾವ ಊರು, ಹೇಗೆ ಬರುತ್ತದೆ, ಮನೆಯಲ್ಲಿ ಓದಿಸುವವರುಂಟೆ, ಕಣ್ಣು ಕಿವಿಗಳು ಸರಿಯಾಗಿವೆಯೆ, ಯಾವುದರಲ್ಲಿ ಇಷ್ಟ ಎಂಬಿಷ್ಟನ್ನು ಬರೆದುಕೊಳ್ಳಬೇಕು. ದಿನಕ್ಕೆ ಐದು ಮಕ್ಕಳನ್ನು ಮಾತನಾಡಿಸಿದರೆ ಅರವತ್ತು ಮಕ್ಕಳಿಗೆ ಹನ್ನೆರಡು ದಿನ. ಹೆಸರುಗಳನ್ನಂತೂ ಮೊದಲ ವಾರದಲ್ಲಿಯೇ ಕಂಠಪಾಠ ಮಾಡತಕ್ಕದ್ದು. 'ಏ, ಕಿಟಕಿಯ ಪಕ್ಕದವನೆ' ಎಂದು ಕರೆಯಿಸಿಕೊಂಡ ಹುಡುಗನು ಕಿಟಕಿಯ ಹೊರಗೆ ನೋಡುವುದರಲ್ಲಿ ಆಶ್ಚರ್ಯವೇನಿದೆ? ಹೆಸರು ಹಿಡಿದು ಕರೆದ ಗುರುವಿನ ಮುಂದೆ ಅವನು ಬೇರೆಯೇ ಹುಡುಗನಾಗುತ್ತಾನೆ.

ಮೊದಲ ಹದಿನೈದು ದಿನಗಳು

ಪಾಠಕ್ಕೆ ಹೇಗೆ ಟಿಪ್ಪಣಿಯುಂಟೋ ಹಾಗೆ ನಡವಳಿಕೆಗೂ ಉಂಟು. ಸಂಧಿಯನ್ನು ಕಲಿಸದೆ ಸಂಧಿ ಬಿಡಿಸಿ ಎನ್ನುವುದು ಅನ್ಯಾಯವಾದರೆ, ಕೊಠಡಿಯ ರೀತಿಯನ್ನು ಕಲಿಸದೆ ರೀತಿ ತಪ್ಪಿದಿರೆಂದು ಬಯ್ಯುವುದೂ ಅನ್ಯಾಯವೇ. ಒಳಗೆ ಬರುವುದು, ಪುಸ್ತಕ ತೆಗೆಯುವುದು, ಉತ್ತರ ಹೇಳಲು ಕೈಯೆತ್ತುವುದು, ನೀರಿಗೆ ಹೋಗಲು ಕೇಳುವುದು, ಬರೆದ ಪುಸ್ತಕಗಳನ್ನು ಒಪ್ಪಿಸುವುದು, ಗಂಟೆ ಹೊಡೆದ ಮೇಲೆ ಏಳುವುದು — ಈ ಆರನ್ನು ಮೊದಲ ಹದಿನೈದು ದಿನಗಳಲ್ಲಿ ತೋರಿಸಿ, ಮಾಡಿಸಿ, ತಪ್ಪಿದರೆ ನಗುಮುಖದಿಂದ ಮತ್ತೊಮ್ಮೆ ಮಾಡಿಸಿ ರೂಢಿಗೊಳಿಸಬೇಕು. ನಿಯಮಗಳು ಐದಾರಕ್ಕಿಂತ ಹೆಚ್ಚಿರಬಾರದು. ಗೋಡೆಯ ಮೇಲೆ ಇಪ್ಪತ್ತು ನಿಯಮಗಳ ಪಟ್ಟಿಯನ್ನು ತೂಗುಹಾಕಿದವರಿಗೆ ಹನ್ನೊಂದನೆಯದು ಯಾವುದೆಂದು ತಮಗೇ ನೆನಪಿರುವುದಿಲ್ಲ. ತನಗೆ ನೆನಪಿಲ್ಲದ ನಿಯಮವನ್ನು ಮಗುವಿನಿಂದ ಅಪೇಕ್ಷಿಸುವಂತಿಲ್ಲ.

ಸಣ್ಣ ಲೆಕ್ಕವೊಂದನ್ನು ನೋಡೋಣ. ಅರವತ್ತು ಹೆಸರುಗಳನ್ನು ಒಂದೊಂದಾಗಿ ಕೂಗಿ ಹಾಜರಿ ಹಾಕಲು ಹೆಸರಿಗೆ ನಾಲ್ಕು ಸೆಕೆಂಡಿನಂತೆ ನಾಲ್ಕು ನಿಮಿಷ ಬೇಕು. ಅದು ಅವಧಿಯ ಹತ್ತನೆಯ ಒಂದು ಭಾಗ. ಆ ಹೊತ್ತಿನಲ್ಲಿ ಐವತ್ತೊಂಬತ್ತು ಮಕ್ಕಳಿಗೆ ಮಾಡಲು ಕೆಲಸವಿಲ್ಲ. ಕೆಲಸವಿಲ್ಲದ ಐವತ್ತೊಂಬತ್ತು ಬಾಯಿಗಳು ಸುಮ್ಮನಿರಬೇಕೆಂದು ಬಯಸುವುದು ಪ್ರಕೃತಿಗೆ ವಿರುದ್ಧ. ಗದ್ದಲ ಅಲ್ಲಿ ಹುಟ್ಟುತ್ತದೆ, ಆಮೇಲೆ ಅದನ್ನು ಅಡಗಿಸಲು ಇನ್ನೊಂದು ನಾಲ್ಕು ನಿಮಿಷ ಹೋಗುತ್ತದೆ. ಇದಕ್ಕೆ ಪ್ರತಿಯಾಗಿ, ಒಳಗೆ ಬರುವ ಮೊದಲೇ ಹಲಗೆಯ ಮೇಲೆ ದಿನಾಂಕ, ಪಾಠದ ಹೆಸರು, ಬಿಡಿಸಬೇಕಾದ ಎರಡು ಪದಗಳನ್ನು ಬರೆದಿಟ್ಟರೆ ಮಕ್ಕಳು ಕುಳಿತೊಡನೆ ಕೆಲಸಕ್ಕೆ ತೊಡಗುತ್ತಾರೆ. ಖಾಲಿಯಿರುವ ಜಾಗಗಳನ್ನು ನೋಡಿ ಹಾಜರಿಯನ್ನು ಅಷ್ಟರಲ್ಲಿ ಗುರುತಿಸಿಕೊಳ್ಳಬಹುದು. ಬರೆಯುವಾಗ ಹಲಗೆಗೆ ಮುಖವಿಟ್ಟು ತರಗತಿಗೆ ಬೆನ್ನು ತಿರುಗಿಸದೆ, ಓರೆಯಾಗಿ ನಿಂತು ಬರೆಯುವುದನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳಬೇಕು. ಇವು ಕ್ಷುಲ್ಲಕ ಸಂಗತಿಗಳೆಂದು ತೋರಬಹುದು. ಆದರೆ ನೀರು ಸೋರುವುದು ಇಂಥ ಚಿಕ್ಕ ಬಿಲಗಳಿಂದಲೇ.

ಪಾಠದೊಳಗಿನ ಶಿಸ್ತು

ಗುಜರಾತಿನ ಗಿಜುಭಾಯಿ ಬಧೇಕಾ (1885–1939) ಅವರು ವಕೀಲ ವೃತ್ತಿಯನ್ನು ಬಿಟ್ಟು ಶಿಕ್ಷಣಕ್ಕೆ ತಮ್ಮನ್ನು ಒಪ್ಪಿಸಿಕೊಂಡು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದ ಮಹನೀಯರು. ಅವರ 'ದಿವಾಸ್ವಪ್ನ' ಎಂಬ ಕಥಾರೂಪದ ಗ್ರಂಥವನ್ನು ಹೊಸ ಉಪಾಧ್ಯಾಯರು ಅವಶ್ಯವಾಗಿ ಓದಬೇಕು. ಅದರ ಕಥಾನಾಯಕನು ಹೊಸ ವಿಧಾನಗಳನ್ನು ಪ್ರಯೋಗಿಸಬೇಕೆಂಬ ಉತ್ಸಾಹದಿಂದ ನಾಲ್ಕನೆಯ ತರಗತಿಯನ್ನು ವಹಿಸಿಕೊಳ್ಳುತ್ತಾನೆ. ಮೊದಲ ದಿನ ಮಕ್ಕಳನ್ನು ಮೌನವಾಗಿ ಕುಳ್ಳಿರಿಸುವ ಆಟವೊಂದನ್ನು ಆಡಿಸಲು ಹೋಗಿ ಸಂಪೂರ್ಣವಾಗಿ ಸೋಲುತ್ತಾನೆ. ಕೊಠಡಿ ಸಂತೆಯಾಗುತ್ತದೆ. ಮರುದಿನ ಅವನು ಕಥೆ ಹೇಳಲು ತೊಡಗುತ್ತಾನೆ; ಹಿಂದಿನ ದಿನ ಬೇಡಿದರೂ ಬಾರದ ಮೌನ ತಾನಾಗಿ ಬರುತ್ತದೆ. ಅದು ಪ್ರಾಥಮಿಕ ಶಾಲೆಯ ಕಥೆಯಾದರೂ ತತ್ತ್ವ ನಮಗೂ ಅನ್ವಯಿಸುತ್ತದೆ. ಮೌನವನ್ನು ಬೇಡಬಾರದು, ಕೇಳುವಂಥದನ್ನು ಕೊಡಬೇಕು.

ಕನ್ನಡ ತರಗತಿಯ ನಿದರ್ಶನವನ್ನೇ ಕೊಡುತ್ತೇನೆ. ಪ್ರಸಾದವಾದ ಮೇಲಿನ ಅವಧಿಯಲ್ಲಿ ಭಾಮಿನಿ ಷಟ್ಪದಿಯ ಲಕ್ಷಣವನ್ನು ಬಾಯಿಮಾತಿನಲ್ಲಿ ವಿವರಿಸಿದರೆ ಅರ್ಧ ತರಗತಿ ನಿದ್ರಿಸುತ್ತದೆ, ಉಳಿದರ್ಧ ಪಿಸುಗುಟ್ಟುತ್ತದೆ. ಅದೇ ಲಕ್ಷಣವನ್ನು ಕೈತಾಳದಿಂದ ಆರಂಭಿಸಿ ನೋಡಿ. ಮೂರು ಮಾತ್ರೆಗೊಮ್ಮೆ, ನಾಲ್ಕು ಮಾತ್ರೆಗೊಮ್ಮೆ ಎಲ್ಲರೂ ಮೇಜನ್ನು ಮೆಲ್ಲನೆ ತಟ್ಟಲಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು–ನಾಲ್ಕು, ಮೂರು–ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲುಗಳಿಗೆ ಆ ಜೋಡಿ ಮೂರು ಸಲ ಬಂದು, ಕೊನೆಗೆ ಒಂದು ಗುರು. ಆಮೇಲೆ ಒಂದು ಬೆಂಚಿನವರು ಓದಲಿ, ಇನ್ನೊಂದು ಬೆಂಚಿನವರು ಹಲಗೆಯ ಮೇಲೆ ಪ್ರಸ್ತಾರ ಹಾಕಲಿ, ಮತ್ತೊಂದು ಬೆಂಚಿನವರು ಕಠಿಣ ಪದಗಳನ್ನು ನಿಘಂಟುವಿನಲ್ಲಿ ಹುಡುಕಲಿ. ಅಕ್ಕಪಕ್ಕದ ಕೊಠಡಿಯವರಿಗೆ ಸ್ವಲ್ಪ ಸದ್ದು ಕೇಳಿಸಬಹುದು. ಆದರೆ ಅದು ಕೆಲಸದ ಸದ್ದು. ಮಗ್ಗದ ಮನೆಯ ಸದ್ದನ್ನು ಗದ್ದಲವೆಂದು ಯಾರೂ ಕರೆಯುವುದಿಲ್ಲ. ಮುಖ್ಯೋಪಾಧ್ಯಾಯರು ಮೊಗಸಾಲೆಯಲ್ಲಿ ನಡೆದುಬರುವಾಗ ಈ ಎರಡು ಸದ್ದುಗಳ ಭೇದವನ್ನು ಗುರುತಿಸಿದರೆ ಹೊಸ ಉಪಾಧ್ಯಾಯರ ಅರ್ಧ ಭಯ ಹೋಗುತ್ತದೆ.

ಕಣ್ಣು ಮತ್ತು ಕಾಯುವಿಕೆ

ಈ ವಿಷಯದಲ್ಲಿ ಹೊರದೇಶದ ವಿದ್ವಾಂಸರು ಕಂಡುಕೊಂಡ ಎರಡು ಸಂಗತಿಗಳು ನಮ್ಮ ಅನುಭವಕ್ಕೂ ಒಪ್ಪುವುದರಿಂದ ಅವನ್ನು ಇಲ್ಲಿ ಹೇಳುವುದು ಉಚಿತ. ಅಮೆರಿಕದ ಜೇಕಬ್ ಕೂನಿನ್ ಎಂಬವರು ಅನೇಕ ತರಗತಿಗಳ ಚಿತ್ರಮುದ್ರಿಕೆಗಳನ್ನು ಪರೀಕ್ಷಿಸಿ 1970ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮಗು ತಪ್ಪು ಮಾಡಿದ ಮೇಲೆ ಉಪಾಧ್ಯಾಯರು ಏನು ಮಾಡುತ್ತಾರೆಂಬುದರಲ್ಲಿ ಸಮರ್ಥರಿಗೂ ಅಸಮರ್ಥರಿಗೂ ಹೇಳಿಕೊಳ್ಳುವಂಥ ಅಂತರವನ್ನು ಅವರು ಕಾಣಲಿಲ್ಲ. ಅಂತರವಿದ್ದದ್ದು ತಪ್ಪು ನಡೆಯುವುದಕ್ಕೆ ಮುಂಚೆ. ಸಮರ್ಥರಾದವರಿಗೆ ಕೊಠಡಿಯ ಎಲ್ಲ ಮೂಲೆಗಳಲ್ಲಿಯೂ ಏನು ನಡೆಯುತ್ತಿದೆ ಎಂಬ ಅರಿವಿತ್ತು, ಮಕ್ಕಳಿಗೂ ಅದು ತಿಳಿದಿತ್ತು. ಅವರು ಒಂದೇ ಹೊತ್ತಿನಲ್ಲಿ ಎರಡು ಕೆಲಸಗಳನ್ನು ನಿಭಾಯಿಸುತ್ತಿದ್ದರು. ಪಾಠದ ಓಟವನ್ನು ತಾವೇ ತುಂಡರಿಸುತ್ತಿರಲಿಲ್ಲ. ಒಬ್ಬನನ್ನು ಗದರಿಸಲು ಪಾಠ ನಿಲ್ಲಿಸಿ ಐದು ನಿಮಿಷ ಉಪದೇಶ ಮಾಡಿದರೆ, ತಪ್ಪು ಮಾಡಿದವನು ಒಬ್ಬ, ಪಾಠ ಕಳೆದುಕೊಂಡವರು ಅರವತ್ತು ಮಂದಿ. ಅದಕ್ಕಿಂತ ಪಾಠ ಹೇಳುತ್ತಲೇ ನಡೆದುಹೋಗಿ ಅವನ ಬೆಂಚಿನ ಪಕ್ಕದಲ್ಲಿ ನಿಂತರೆ ಸಾಕು.

ಎರಡನೆಯದು ಪ್ರಶ್ನೆ ಕೇಳುವ ರೀತಿ. ಮೇರಿ ಬಡ್ ರೋ ಎಂಬ ವಿದುಷಿ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ದೀರ್ಘವಾದುವು, ಉತ್ತರ ಹೇಳದೆ ಉಳಿಯುವವರು ಕಡಿಮೆಯಾದರು, ಶಿಸ್ತಿಗಾಗಿ ಉಪಾಧ್ಯಾಯರು ಗದರಿಸಬೇಕಾದ ಸಂದರ್ಭಗಳೂ ಕಡಿಮೆಯಾದುವು. ಮೂರು ಸೆಕೆಂಡೆಂದರೆ ಎಷ್ಟು? ಮನಸ್ಸಿನಲ್ಲಿ ಷಡಕ್ಷರ ಮಂತ್ರವನ್ನು ನಿಧಾನವಾಗಿ ಒಮ್ಮೆ ಜಪಿಸುವಷ್ಟು. ನಮ್ಮ ಪರಂಪರೆಗೆ ಈ ಕಾಯುವಿಕೆ ಹೊಸದೇನಲ್ಲ. ಅನುಭವ ಮಂಟಪದ ಸಂವಾದಗಳನ್ನು ಕಟ್ಟಿಕೊಡುವ ಶೂನ್ಯಸಂಪಾದನೆಯನ್ನು ಓದಿದವರಿಗೆ, ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಎಷ್ಟು ಕಠಿಣವಾಗಿ ಪ್ರಶ್ನಿಸುತ್ತಾರೆ, ಅಕ್ಕನ ಉತ್ತರಕ್ಕೆ ಸಭೆ ಎಷ್ಟು ಪೂರ್ಣವಾಗಿ ಕಿವಿಗೊಡುತ್ತದೆ ಎಂಬುದು ತಿಳಿದೇ ಇದೆ. ಪ್ರಶ್ನೆ ಕಠಿಣವಾಗಿರಬಹುದು, ಉತ್ತರಿಸುವವರಿಗೆ ಎಡೆಯಿರಬೇಕು.

ನಾನು ತೆತ್ತ ಬೆಲೆ

ಈಗ ಹಿಂದೆ ಹೇಳಿದ ಮಾತಿಗೆ ಬರುತ್ತೇನೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಬೇರೊಂದು ಊರಿನ ಪ್ರೌಢಶಾಲೆಯಲ್ಲಿ ನನ್ನ ವೃತ್ತಿ ಆರಂಭವಾಯಿತು. ಪಾಠಶಾಲೆಯಲ್ಲಿ ಗುರುಗಳ ಪದತಲದಲ್ಲಿ ಕುಳಿತು ಕಲಿತವನು ನಾನು. ಹೊತ್ತಿಗೆ ಮುಂಚೆ ಬಂದು ಕಾಯುವುದೇ ವಿದ್ಯಾರ್ಥಿಯ ಮೊದಲ ಲಕ್ಷಣವೆಂದು ನಂಬಿದ್ದೆ. ಸುತ್ತಲಿನವರ ಕೈಯಲ್ಲಿ ಬೆತ್ತವಿದ್ದ ಕಾಲದಲ್ಲಿಯೂ ನಾನು ಬೆತ್ತ ಮುಟ್ಟಲಿಲ್ಲ, ಅದೇ ನನ್ನ ಹೆಮ್ಮೆ. ನನ್ನ ನಿಯಮ ಸರಳವಾಗಿತ್ತು: ಗಂಟೆ ಹೊಡೆದ ಮೇಲೆ ಬಂದವರು ಅವಧಿ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲತಕ್ಕದ್ದು.

ಎಂಟನೆಯ ತರಗತಿಯ ಒಬ್ಬ ಹುಡುಗ ದಿನವೂ ತಡವಾಗಿ ಬರುತ್ತಿದ್ದ, ದಿನವೂ ಹೊರಗೆ ನಿಲ್ಲುತ್ತಿದ್ದ. ಎದುರು ಮಾತನಾಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ತರಗತಿ ನಿಶ್ಶಬ್ದವಾಗಿರುತ್ತಿತ್ತು, ಹಿರಿಯರು ನನ್ನ ಶಿಸ್ತನ್ನು ಮೆಚ್ಚಿ ಮಾತನಾಡಿದರು. ಸುಮಾರು ಮೂರು ವಾರಗಳಾದ ಮೇಲೆ ಆ ಹುಡುಗ ಬರುವುದನ್ನೇ ನಿಲ್ಲಿಸಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟಿದಾಗ ಅವನ ಊರಿಗೆ ಹೋದೆ. ತಾಯಿ ತೀರಿಕೊಂಡ ಮನೆ. ಬೆಳಗ್ಗೆ ದನಗಳಿಗೆ ಮೇವು ಹಾಕಿ, ರೊಟ್ಟಿ ಬಡಿದು, ತಂಗಿಯನ್ನು ಊರ ಶಾಲೆಗೆ ಮುಟ್ಟಿಸಿ, ಅವನು ನಡೆದು ಬರುತ್ತಿದ್ದ ದಾರಿ ಒಂದು ಗಂಟೆಯದು. ತಂದೆ ನನ್ನನ್ನು ಕಂಬಳಿಯ ಮೇಲೆ ಕುಳ್ಳಿರಿಸಿ ನೀರು ಕೊಟ್ಟು, ಸಿಟ್ಟಿಲ್ಲದೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಹೊರಗ ನಿಂದ್ರೂದಾದ್ರ ಸಾಲಿ ಯಾಕ್ ಬೇಕ್ರೀ ಮಾಸ್ತರ? ಹೊಲದಾಗ ನಿಂತ್ರ ಎರಡು ದನ ಆದ್ರೂ ಕಾಯ್ತಾನ."

ನಾನು ಎಷ್ಟು ಬೇಡಿಕೊಂಡರೂ ಹುಡುಗ ಮರಳಿ ಬರಲಿಲ್ಲ. ಶಾಲೆಯಲ್ಲಿ ಯಾರೂ ನನ್ನನ್ನು ತಪ್ಪಿತಸ್ಥನೆನ್ನಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿತ್ತಲ್ಲವೆ? ಆದರೆ ಹೊಲವನ್ನು ನೋಡದೆ ಕಂದಾಯ ಕೇಳಿದವನು ನಾನು. ರೈತ ಊರು ಬಿಟ್ಟು ಹೋಗಿದ್ದ.

ಆ ಕಾಲದಲ್ಲಿಯೂ ತಿಳಿವಳಿಕೆಗೆ ಕೊರತೆಯಿರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ದೈಹಿಕ ಶಿಕ್ಷೆಯನ್ನು ಶಿಕ್ಷಣ ವ್ಯವಸ್ಥೆಯಿಂದ ದೂರವಿಡಬೇಕೆಂದು ಆಗಲೇ ಹೇಳಿತ್ತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಅಧಿನಿಯಮದ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಅಧಿನಿಯಮವು 6ರಿಂದ 14 ವರ್ಷದ ಮಕ್ಕಳನ್ನು ಕುರಿತದ್ದು. ಎಂಟನೆಯ ತರಗತಿಯ ನಮ್ಮ ಮಕ್ಕಳು ಅದರೊಳಗೆ ಬರುತ್ತಾರೆ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳನ್ನು ನೋಯಿಸಬಹುದೆಂದು ಇದರಿಂದ ಅರ್ಥ ಮಾಡುವ ಗುರು ನಮ್ಮಲ್ಲಿ ಇರಲಾರನು. ಬೆತ್ತವನ್ನು ಕೆಳಗಿಟ್ಟರೆ ಸಾಲದು, ಬೆತ್ತದಂತಿರುವ ಮಾತನ್ನೂ ಬಾಗಿಲ ಹೊರಗಿನ ನಿಲುವನ್ನೂ ಕೆಳಗಿಡಬೇಕೆಂಬುದು ಅದರ ತಾತ್ಪರ್ಯ. ಕಾನೂನು ಬಂದ ಮೇಲೆ ಕೆಲವರು "ಇನ್ನು ಹುಡುಗರನ್ನು ಹಿಡಿಯುವುದು ಹೇಗೆ?" ಎಂದು ಹಲುಬಿದ್ದನ್ನು ಕೇಳಿದ್ದೇನೆ. ನನಗೆ ಆ ಕಾನೂನು ಹದಿನೈದು ವರ್ಷ ತಡವಾಗಿ ಬಂದಂತೆ ತೋರಿತು.

ಹಾಗಾದರೆ ತಪ್ಪು ಮಾಡಿದ ಮಗುವಿಗೆ ಏನೂ ಹೇಳಬಾರದೆ? ಹೇಳಲೇಬೇಕು. ಸಲಿಗೆಯನ್ನು ಕರುಣೆಯೆಂದು ಭ್ರಮಿಸುವ ಹೊಸ ಉಪಾಧ್ಯಾಯರ ತರಗತಿಯಲ್ಲಿ ಬಲಿಷ್ಠ ಹುಡುಗರು ಆಳುತ್ತಾರೆ, ದುರ್ಬಲರು ನರಳುತ್ತಾರೆ, ಅದೂ ಅನ್ಯಾಯ. ಆದರೆ ಹೇಳುವುದಕ್ಕೆ ಒಂದು ಕ್ರಮವಿದೆ. ಎಲ್ಲರೆದುರು ಬೇಡ, ಒಬ್ಬನನ್ನೇ ಕರೆದು ಹೇಳಬೇಕು. ಮೊದಲು 'ಯಾಕೆ?' ಎಂದು ಕೇಳಿ, ಆಮೇಲೆ 'ಏನು ಮಾಡೋಣ?' ಎಂದು ಕೇಳಬೇಕು. ಕೆಡಿಸಿದ್ದನ್ನು ಸರಿಪಡಿಸುವ ಕೆಲಸವನ್ನು ಅವನ ಕೈಯಿಂದಲೇ ಮಾಡಿಸಬೇಕು: ಹರಿದ ಪುಸ್ತಕಕ್ಕೆ ಅವನೇ ರಟ್ಟು ಹಾಕಲಿ, ತಪ್ಪಿಹೋದ ಪಾಠವನ್ನು ಸಂಜೆ ಅವನೇ ಕುಳಿತು ಬರೆಯಲಿ. ಮರುದಿನ ಅವನು ಬಂದಾಗ ನಿನ್ನೆಯದನ್ನು ಎತ್ತಿ ಆಡಬಾರದು. ಎರಡು ಮೂರು ಸಲ ಹೇಳಿಯೂ ತಿದ್ದದಿದ್ದರೆ ಮನೆಗೆ ಹೋಗಿ ಬರಬೇಕು. ಹೋಗುವುದು ದೂರು ಒಯ್ಯುವುದಕ್ಕಲ್ಲ, ನೋಡಿ ಬರುವುದಕ್ಕೆ.

ಹಿರಿಯರ, ದಾನಿಗಳ ಪಾಲು

ಹೊಸ ಉಪಾಧ್ಯಾಯರೊಬ್ಬರಿಂದಲೇ ಇದೆಲ್ಲ ಆಗಬೇಕೆಂದು ಬಯಸುವುದು ಇನ್ನೊಂದು ಬಗೆಯ ನೆಲ ನೋಡದ ಕಂದಾಯ. ಗದ್ದಲದ ವಿಭಾಗವನ್ನೂ ಕೊನೆಯ ಅವಧಿಯನ್ನೂ ಹೊಸಬರ ಕೊರಳಿಗೆ ಕಟ್ಟುವ ರೂಢಿಯನ್ನು ಹಿರಿಯರಾದ ನಾವು ಬಿಡಬೇಕು. ಅವರನ್ನು ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳ್ಳಿರಿಸಿಕೊಳ್ಳಬೇಕು; ಕರೆದರೆ ನಾವೂ ಅವರ ಹಿಂದಿನ ಬೆಂಚಿನಲ್ಲಿ ಕುಳಿತು, ಕಂಡದ್ದನ್ನು ಅವರಿಗೆ ಮಾತ್ರ ಹೇಳಬೇಕು. ನಮ್ಮ ಸೋಲುಗಳನ್ನೂ ಅವರ ಮುಂದೆ ಬಿಚ್ಚಿಡಬೇಕು. ಮೂವತ್ತು ವರ್ಷಗಳ ಹಿಂದೆ ಯಾರಾದರೂ ಹಿರಿಯರು ನನಗೆ ತಮ್ಮ ಸೋಲನ್ನು ಹೇಳಿದ್ದರೆ ಆ ಹುಡುಗ ಶಾಲೆಯಲ್ಲಿ ಉಳಿಯುತ್ತಿದ್ದನೇನೋ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ಶಿಸ್ತಿಗೆ ನೆರವಾಗುವ ದಾನ ಬಹಳ ಚಿಕ್ಕದಾಗಿಯೂ ಇರಬಹುದು. ಹಲಗೆ ಕಾಣದ ಮಗುವಿಗೆ ಒಂದು ಕನ್ನಡಕ, ದೂರದಿಂದ ನಡೆದು ಬರುವವನಿಗೆ ಒಂದು ಸೈಕಲ್ಲು, ಪ್ರತಿ ಕೊಠಡಿಗೆ ನಾಲ್ಕು ನಿಘಂಟು. ಉಪಾಧ್ಯಾಯರ ಚಿಕ್ಕ ಪುಸ್ತಕವನ್ನು ನೋಡಿದರೆ ಯಾರಿಗೆ ಏನು ಬೇಕೆಂಬುದು ತಿಳಿಯುತ್ತದೆ. ದಾಸೋಹವೆಂದರೆ ಹಸಿದವರ ಹಸಿವನ್ನು ಅರಿತು ಬಡಿಸುವುದೇ ಅಲ್ಲವೆ?

ಆ ತರುಣ ಉಪಾಧ್ಯಾಯರು ಕೇಳಿದ ಪುಸ್ತಕದ ಹೆಸರನ್ನು ಕೊನೆಗೂ ಹೇಳಬೇಕಾಗಿದೆ. ಗಿಜುಭಾಯಿಯವರ ಗ್ರಂಥವನ್ನು ಓದಲಿ. ಆದರೆ ಅದಕ್ಕಿಂತ ಮುಖ್ಯವಾದ ಪುಸ್ತಕವನ್ನು ಅವರೇ ಬರೆದುಕೊಳ್ಳಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವರ ಮೇಜಿನ ಮೇಲೆ ಅಂಥದೊಂದು ನೋಟುಪುಸ್ತಕವನ್ನು ಕಂಡೆ. ತೆರೆದಿದ್ದ ಪುಟದಲ್ಲಿ ಒಂದು ಹೆಸರು. ಅದರ ಕೆಳಗೆ, 'ತಡವಾಗಿ ಬರುತ್ತಾನೆ. ಬೆಳಗಿನ ಬಸ್ಸು ನಿಂತಿದೆ. ಮೊದಲ ಅವಧಿಯ ಟಿಪ್ಪಣಿಯನ್ನು ಊಟದ ಬಿಡುವಿನಲ್ಲಿ ಕೊಡಬೇಕು' ಎಂದಿತ್ತು. ಅವರ ತರಗತಿಯಿಂದ ಈಗಲೂ ಸದ್ದು ಬರುತ್ತದೆ. ಬಾಗಿಲ ಹೊರಗೆ ಮಾತ್ರ ಯಾರೂ ನಿಂತಿರುವುದಿಲ್ಲ.